ನಿಂತ ವಿಮಾನದೊಳಗಿನ ಹೊಗೆ ಮತ್ತು ನಾವು ಕೈಬಿಡದ ಬ್ಯಾಗು

ಸಂಪಾದಕರಿಗೆ,

ಮಾನ್ಯರೇ,

ವಿಮಾನ ದುರಂತ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಆಕಾಶದಿಂದ ಬೀಳುವ ವಿಮಾನ, ಇಲ್ಲವೇ ರನ್‌ವೇ ದಾಟಿ ಕಮರಿಗೆ ಉರುಳುವ ವಿಮಾನ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ 158 ಮಂದಿಯನ್ನು ಕಳೆದುಕೊಂಡ ಕರಾವಳಿಯವರಾದ ನಮಗೆ ಈ ಚಿತ್ರ ಬೇರೆಯವರಿಗಿಂತ ಒಂದಿಷ್ಟು ಹೆಚ್ಚೇ ಹತ್ತಿರದ್ದು. ಆದರೆ ನಾನು ಈ ಪತ್ರದಲ್ಲಿ ಹೇಳಹೊರಟಿರುವುದು ಹಾರದೆ, ಓಡದೆ, ನೆಲದ ಮೇಲೆ ತೆಪ್ಪಗೆ ನಿಂತಿರುವ ವಿಮಾನದೊಳಗೆ ಹೊಗೆ ಕಾಣಿಸಿಕೊಂಡಾಗ ನಡೆಯುವ ಸಂಗತಿಯನ್ನು. ನಿಂತಿದೆಯಲ್ಲ, ಇನ್ನೇನು ಭಯ ಎಂದು ಪ್ರಯಾಣಿಕರಿಗೂ, ಕೆಲವೊಮ್ಮೆ ಪೈಲಟ್‌ಗಳಿಗೂ ಅನ್ನಿಸಿಬಿಡುವುದರಿಂದಲೇ ಅಂಥ ವಿಮಾನಗಳಲ್ಲಿ ಜನ ಸತ್ತಿದ್ದಾರೆ.

ನಾನು ವಿಮಾನ ತಜ್ಞನಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನನ್ನ ಮಗಳು ಏಳು ವರ್ಷಗಳಿಂದ ಗಗನಸಖಿಯಾಗಿ ಕೆಲಸ ಮಾಡುತ್ತಿದ್ದಾಳೆ. ಪ್ರತಿವರ್ಷ ಅವಳಿಗೆ ಮರುತರಬೇತಿ ಇರುತ್ತದೆ. ಕೃತಕ ಹೊಗೆ ತುಂಬಿದ ನಕಲು ಕ್ಯಾಬಿನ್ನಿನಲ್ಲಿ ಮುಖವಾಡ ಧರಿಸಿ ಒಳಹೊಕ್ಕು, ಸೀಟುಗಳನ್ನು ಕೈಯಿಂದ ತಡವುತ್ತಾ ಹೊಗೆಯ ಮೂಲ ಹುಡುಕಬೇಕು, ಭಾರದ ಬಾಗಿಲು ತೆರೆಯಬೇಕು, ಗಂಟಲು ಹರಿಯುವಂತೆ ಕೂಗಿ ಆಜ್ಞೆ ಕೊಡಬೇಕು. ಆ ಪರೀಕ್ಷೆಗೆ ಮುಂಚೆ ಅವಳು ಮನೆಯ ಟೆರೇಸಿನ ಮೇಲೆ ನಿಂತು ಆಜ್ಞೆಗಳನ್ನು ಕೂಗಿ ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಮನೆಯವರು ಗಾಬರಿಯಾಗಿ ಗೇಟಿನವರೆಗೆ ಓಡಿಬಂದದ್ದೂ ಉಂಟು. ನನಗಿರುವ ತಿಳಿವಳಿಕೆಯಲ್ಲಿ ಅರ್ಧ ಅವಳಿಂದ ಬಂದದ್ದು, ಇನ್ನರ್ಧ ಮುಂದೆ ಹೇಳುವ ಘಟನೆಯ ನಂತರ ನಾನೇ ಹುಡುಕಿ ಓದಿದ್ದು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನೂ ನನ್ನ ಹೆಂಡತಿಯೂ ರಾಜ್ಯದ ಒಂದು ನಿಲ್ದಾಣದಲ್ಲಿ ವಿಮಾನ ಹತ್ತಿ 21ನೇ ಸಾಲಿನಲ್ಲಿ ಕುಳಿತಿದ್ದೆವು. ಹಿಂದಿನ ಮೆಟ್ಟಿಲನ್ನು ಆಗಷ್ಟೇ ತೆಗೆದಿದ್ದರು, ಮುಂದಿನ ಬಾಗಿಲು ಇನ್ನೂ ತೆರೆದೇ ಇತ್ತು, ಮೆಟ್ಟಿಲೂ ಇತ್ತು. ಮೊದಲು ಬಂದದ್ದು ವಾಸನೆ. ಹಳೆಯ ಮಿಕ್ಸಿಯ ಮೋಟಾರು ಬಿಸಿಯಾದಾಗ ಬರುತ್ತದಲ್ಲ, ಅಂಥದ್ದು. ಆಮೇಲೆ ನಮ್ಮಿಂದ ನಾಲ್ಕೈದು ಸಾಲು ಹಿಂದೆ ದೀಪದ ಬೆಳಕಿಗೆ ತೆಳ್ಳಗೆ ನೀಲಿ ಮಬ್ಬು ಕಂಡಿತು. ಗಗನಸಖಿಯೊಬ್ಬರು ಹಿಂದಕ್ಕೆ ಓಡಿದರು, ಇನ್ನೊಬ್ಬರು ಫೋನ್ ಎತ್ತಿ ಮುಂದಿನವರೊಡನೆ ಮಾತಾಡಿದರು. ಒಂದು ನಿಮಿಷದೊಳಗೆ ಹಿಂದಿಯಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಪ್ರಕಟಣೆ ಬಂತು: ತಾಂತ್ರಿಕ ಕಾರಣದಿಂದ ಎಲ್ಲರೂ ಕೂಡಲೇ ಮುಂದಿನ ಬಾಗಿಲಿನಿಂದ ಇಳಿಯಬೇಕು, ಸಾಮಾನುಗಳನ್ನು ಬಿಟ್ಟು ಬರಬೇಕು.

ಮುಂದೆ ನಡೆದದ್ದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಕ್ಷಣಾರ್ಧದಲ್ಲಿ ಎಲ್ಲರೂ ಎದ್ದು ನಿಂತರು, ಎಲ್ಲರ ಕೈಗಳೂ ಮೇಲಕ್ಕೆ ಹೋದವು, ಲಗೇಜ್ ಗೂಡುಗಳು ಪಟಪಟನೆ ತೆರೆದುಕೊಂಡವು. ನನಗಿಂತ ಎರಡು ಸಾಲು ಮುಂದಿದ್ದ ಯುವಕನೊಬ್ಬನ ಚಕ್ರದ ಸೂಟ್‌ಕೇಸು ಅಡ್ಡವಾಗಿ ಇಳಿದು, ಅದರ ಹಿಡಿಕೆ ಸೀಟಿನ ಕೈಯಾಸರೆಗೆ ಸಿಕ್ಕಿಕೊಂಡಿತು. ಅವನು ಎಳೆಯುತ್ತಾನೆ, ಅದು ಬರುವುದಿಲ್ಲ, ಅವನ ಹಿಂದೆ ನಾವು ಐವತ್ತು ಜನ. ನನ್ನ ಪಕ್ಕದ ಸಾಲಿನಲ್ಲಿ ಹಾವೇರಿ ಕಡೆಯ ಅಜ್ಜಿಯೊಬ್ಬರು ಬೆಲ್ಟು ಕಟ್ಟಿಕೊಂಡು ಹಾಗೆಯೇ ಕುಳಿತಿದ್ದರು. "ಏನಂತ್ರೀ ಅವ್ರು? ಯಾಕ ಎಲ್ಲಾರೂ ಎದ್ದಾರ?" ಎಂದು ನನ್ನನ್ನು ಕೇಳಿದರು. ಆ ಹೊತ್ತಿಗೆ ನಾನೇನು ಮಾಡುತ್ತಿದ್ದೆ ಎಂದರೆ, ನನ್ನ ಬ್ಯಾಗನ್ನು ಗೂಡಿನಿಂದ ಎಳೆಯುತ್ತಿದ್ದೆ. ಗಗನಸಖಿಯ ತಂದೆಯಾದ ನಾನು! ಬಿಪಿ ಮಾತ್ರೆ ಮತ್ತು ಪಾಸ್‌ಬುಕ್ಕು ಅದರಲ್ಲಿದ್ದವು ಎಂಬುದು ನಂತರ ನಾನು ನನಗೇ ಹೇಳಿಕೊಂಡ ಸಮಾಧಾನ. ಆ ಗಳಿಗೆಯಲ್ಲಿ ಕೈ ತಾನಾಗಿಯೇ ಮೇಲೆ ಹೋಗಿತ್ತು. ಅಜ್ಜಿಯ ಬೆಲ್ಟನ್ನು ಬಿಚ್ಚಿ ಎಬ್ಬಿಸಿದ್ದು ನನ್ನ ಹೆಂಡತಿ.

ಹೊಗೆ ಹೆಚ್ಚಲಿಲ್ಲ, ಎಲ್ಲರೂ ಕ್ಷೇಮವಾಗಿ ಇಳಿದೆವು, ಎರಡು ಗಂಟೆಯ ನಂತರ ಬೇರೆ ವಿಮಾನದಲ್ಲಿ ಕಳುಹಿಸಿದರು. ಸಿಬ್ಬಂದಿಯ ಮೇಲೆ ನನಗೆ ದೂರಿಲ್ಲ. ಅವರು ಬೇಗನೆ ನಿರ್ಧರಿಸಿದರು, ಗಟ್ಟಿಯಾಗಿ ಕೂಗಿದರು. ರಾತ್ರಿ ಫೋನಿನಲ್ಲಿ ಮಗಳಿಗೆ ವರದಿ ಒಪ್ಪಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಅಪ್ಪಾ, ನೀವು ಬ್ಯಾಗ್ ತೆಗೆದುಕೊಂಡ್ರಾ?" ನಾನು ಮಾತಾಡಲಿಲ್ಲ. "ಅಮ್ಮನಿಗೆ ಫೋನ್ ಕೊಡಿ" ಎಂದಳು.

ನಿಂತ ವಿಮಾನದಲ್ಲಿ ಹೊಗೆ ಎಲ್ಲಿಂದ ಬರುತ್ತದೆ ಎಂದು ಓದುಗರು ಕೇಳಬಹುದು. ಎಂಜಿನ್ ನಿಂತಿದ್ದರೂ ವಿಮಾನ ಸತ್ತಿರುವುದಿಲ್ಲ. ಬಾಲದ ತುದಿಯಲ್ಲಿ ಎಪಿಯು ಎಂಬ ಚಿಕ್ಕ ಎಂಜಿನ್ ಒಂದಿರುತ್ತದೆ. ನೆಲದ ಮೇಲಿದ್ದಾಗ ದೀಪಕ್ಕೆ ವಿದ್ಯುತ್ತನ್ನೂ ಹವಾನಿಯಂತ್ರಣಕ್ಕೆ ಗಾಳಿಯನ್ನೂ ಅದು ಕೊಡುತ್ತದೆ. ಅದರ ಎಣ್ಣೆ ಸೋರಿ ಗಾಳಿಯ ಕೊಳವೆಗೆ ಸೇರಿದರೆ ಕ್ಯಾಬಿನ್ನಿಗೆ ಮಬ್ಬು ಬರುತ್ತದೆ. ಅಲ್ಲಿಯೇ ಬೆಂಕಿ ಹೊತ್ತುವುದೂ ಉಂಟು: 2025ರ ಜುಲೈ 22ರಂದು ಹಾಂಗ್‌ಕಾಂಗ್‌ನಿಂದ ದೆಹಲಿಗೆ ಬಂದು ಗೇಟಿನಲ್ಲಿ ನಿಂತಿದ್ದ ವಿಮಾನದಲ್ಲಿ ಪ್ರಯಾಣಿಕರು ಇಳಿಯುತ್ತಿರುವಾಗಲೇ ಎಪಿಯುವಿಗೆ ಬೆಂಕಿ ಬಿದ್ದಿತ್ತು, ಎಲ್ಲರೂ ಸುರಕ್ಷಿತವಾಗಿ ಹೊರಬಂದರು. ಕಾದ ಬ್ರೇಕು, ಅಡುಗೆಕಟ್ಟೆಯ ಓವನ್, ತಂತಿಯ ಹೊದಿಕೆ, ಶೌಚಾಲಯದ ಕಸದ ಡಬ್ಬಿ, ಪ್ರಯಾಣಿಕರ ಜೇಬಿನ ಬ್ಯಾಟರಿ, ಹೀಗೆ ಮೂಲಗಳು ಹಲವು. ಇದರ ನಡುವೆ ನಮ್ಮ ಕರಾವಳಿಗೆ ವಿಶೇಷವಾದ ಒಂದು ಸುಳ್ಳು ಹೊಗೆಯೂ ಇದೆ: ಜೂನ್ ತಿಂಗಳ ಒದ್ದೆ ಗಾಳಿಯಲ್ಲಿ ಬಾಗಿಲು ತೆರೆದಿಟ್ಟ ವಿಮಾನದೊಳಗೆ ಎಸಿಯ ತಣ್ಣನೆ ಗಾಳಿ ನುಗ್ಗಿದಾಗ ಮೇಲಿನ ಸೀಳುಗಳಿಂದ ಬಿಳಿ ಮಂಜು ಸುರಿಯುತ್ತದೆ, ಹೊಸಬರು ಕಿರುಚಿಕೊಳ್ಳುತ್ತಾರೆ. ಅದಕ್ಕೆ ವಾಸನೆ ಇರುವುದಿಲ್ಲ, ಮೊಣಕಾಲಿಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಮೂಗಿಗೆ ಸುಟ್ಟ ವಾಸನೆ ತಾಗಿದರೆ ಮಾತ್ರ ಸಿಬ್ಬಂದಿಗೆ ಹೇಳುವುದಕ್ಕೆ ಸಂಕೋಚಪಡಬಾರದು.

ಇನ್ನು ನಿಂತ ವಿಮಾನದ ಭಯಂಕರ ಉದಾಹರಣೆಗೆ ಬರುತ್ತೇನೆ. 1980ರ ಆಗಸ್ಟ್ 19ರಂದು ಕರಾಚಿಯಿಂದ ಹೊರಟು ರಿಯಾದ್ ಮೂಲಕ ಜೆದ್ದಾಕ್ಕೆ ಹೋಗುತ್ತಿದ್ದ ಸೌದಿಯಾ ಸಂಸ್ಥೆಯ ಟ್ರೈಸ್ಟಾರ್ ವಿಮಾನವು ರಿಯಾದ್‌ನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಹಿಂಬದಿಯ ಸರಕಿನ ಕೋಣೆಯಲ್ಲಿ ಹೊಗೆಯ ಎಚ್ಚರಿಕೆ ಬಂದದ್ದರಿಂದ ಹಿಂದಿರುಗಿ, ಅದೇ ನಿಲ್ದಾಣದಲ್ಲಿ ಯಾವ ತೊಂದರೆಯೂ ಇಲ್ಲದೆ ಇಳಿಯಿತು. ಇಳಿದ ಮೇಲೆ ರನ್‌ವೇಯಲ್ಲೇ ಥಟ್ಟನೆ ನಿಂತು ಜನರನ್ನು ಇಳಿಸುವ ಬದಲು ನಿಧಾನವಾಗಿ ಉರುಳುತ್ತಾ ಟ್ಯಾಕ್ಸಿವೇಗೆ, ಅಂದರೆ ರನ್‌ವೇಯಿಂದ ನಿಲ್ಲುವ ಜಾಗಕ್ಕೆ ಹೋಗುವ ಪಕ್ಕದ ದಾರಿಗೆ, ತಿರುಗಿತು; ಅದು ರನ್‌ವೇಯಲ್ಲೇ ನಿಲ್ಲುತ್ತದೆಂದು ಕಾದಿದ್ದ ಅಗ್ನಿಶಾಮಕ ವಾಹನಗಳು ಅದರ ಹಿಂದೆ ಓಡಬೇಕಾಯಿತು. ನಿಂತ ಮೇಲೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್‌ಗಳು ತಿರುಗುತ್ತಲೇ ಇದ್ದುದರಿಂದ ರಕ್ಷಣಾ ಸಿಬ್ಬಂದಿ ಹತ್ತಿರ ಹೋಗಲಾಗಲಿಲ್ಲ. ಜನರನ್ನು ತುರ್ತಾಗಿ ಇಳಿಸಬೇಕೇ ಎಂದು ಕ್ಯಾಬಿನ್ ಸಿಬ್ಬಂದಿ ಇಳಿಯುವ ಮುಂಚೆಯೇ ಕೇಳಿದ್ದು ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿದೆ, ಬೇಡವೆಂದು ಹೇಳಿ ಎಂಬ ಕ್ಯಾಪ್ಟನ್ನರ ಮಾತೂ ಇದೆ. ಒಳಗಿನಿಂದ ಒಂದು ಬಾಗಿಲೂ ತೆರೆಯಲಿಲ್ಲ. ಎಂಜಿನ್ ನಿಂತು 23 ನಿಮಿಷಗಳ ನಂತರ ಹೊರಗಿನವರು ಒಂದು ಬಾಗಿಲು ತೆರೆದರು, ಅದಾಗಿ ಮೂರು ನಿಮಿಷಕ್ಕೆ ಒಳಗೆಲ್ಲ ಜ್ವಾಲೆ ಆವರಿಸಿತು. ಒಳಗಿದ್ದ 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ಚಕ್ರಗಳು ಗಟ್ಟಿ ನೆಲದ ಮೇಲಿದ್ದವು, ಸುತ್ತ ಬೆಂಕಿ ಆರಿಸುವವರು ನಿಂತಿದ್ದರು. ಈ ಭಾಗವನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೊಗೆಯಲ್ಲಿ ಜನ ಬೆಂದು ಸಾಯುವುದಕ್ಕಿಂತ ಮುಂಚೆಯೇ ಉಸಿರು ಕಟ್ಟಿ ಬೀಳುತ್ತಾರೆ. ಸೀಟಿನ ಫೋಮು, ಗೋಡೆಯ ಪ್ಲಾಸ್ಟಿಕ್ ಸುಟ್ಟಾಗ ಕಾರ್ಬನ್ ಮೊನಾಕ್ಸೈಡ್ ಜತೆಗೆ ಸಯನೈಡ್ ಅನಿಲವೂ ಹುಟ್ಟುತ್ತದೆ. ಕೆಲವು ಉಸಿರು ಎಳೆದರೆ ಸಾಕು, ಕಾಲು ಸೋಲುತ್ತದೆ, ಬುದ್ಧಿ ಮಂಕಾಗುತ್ತದೆ. 1983ರ ಜೂನ್ 2ರಂದು ಏರ್ ಕೆನಡಾದ ವಿಮಾನವೊಂದು ಹಿಂಬದಿಯ ಶೌಚಾಲಯದ ಕಡೆಯಿಂದ ಎದ್ದ ಹೊಗೆಯಿಂದಾಗಿ ಅಮೆರಿಕದ ಸಿನ್ಸಿನಾಟಿಯ ನಿಲ್ದಾಣದಲ್ಲಿ ಇಳಿದು ನಿಂತಿತು. ಬಾಗಿಲು ತೆರೆದ ಮೇಲೆ ಹೊರಗಿನ ಗಾಳಿ ಒಳನುಗ್ಗಿ ಒಂದರಿಂದ ಒಂದೂವರೆ ನಿಮಿಷದಲ್ಲಿ ಇಡೀ ಕ್ಯಾಬಿನ್ ಭುಗ್ಗೆಂದಿತು. 46 ಜನರಲ್ಲಿ 23 ಮಂದಿ ಹೊರಬಂದರು, 23 ಮಂದಿ ಬರಲಿಲ್ಲ. ಇಂದು ಶೌಚಾಲಯದಲ್ಲಿರುವ ಹೊಗೆ ಸೂಚಕ, ನಡುದಾರಿಯ ನೆಲದಂಚಿನಲ್ಲಿ ಹೊಳೆಯುವ ದೀಪದ ಸಾಲು ಇಂಥ ಸಾವುಗಳ ನಂತರ ಬಂದವು. ಬಿಸಿ ಹೊಗೆ ಚಾವಣಿಯಿಂದ ಕೆಳಕ್ಕೆ ತುಂಬುತ್ತಾ ಬರುವುದರಿಂದ ದೀಪವನ್ನು ನೆಲದಲ್ಲಿ ಇಟ್ಟಿದ್ದಾರೆ. ನಾವೂ ಬಗ್ಗಿ ನಡೆಯಬೇಕೆಂಬುದು ಅದರ ಸೂಚನೆ. ಎದ್ದು ನಿಂತು ಗೂಡಿಗೆ ಕೈಹಾಕುವವನು ತನ್ನ ಮೂಗನ್ನು ಹೊಗೆ ಎಲ್ಲಕ್ಕಿಂತ ದಟ್ಟವಾಗಿರುವ ಜಾಗಕ್ಕೆ ತಾನೇ ಒಯ್ಯುತ್ತಾನೆ.

ಸರಿಯಾಗಿ ನಡೆದ ಉದಾಹರಣೆಗಳೂ ಇವೆ. 2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737 ಇಳಿದು ತನ್ನ ಜಾಗಕ್ಕೆ ಬಂದು ನಿಂತಿತ್ತು. ರೆಕ್ಕೆಯೊಳಗೆ ಕಳಚಿದ ಒಂದು ಬೋಲ್ಟು ಇಂಧನ ಟ್ಯಾಂಕಿಗೆ ತೂತು ಮಾಡಿ, ಸೋರಿದ ಇಂಧನ ಬಿಸಿ ಎಂಜಿನ್‌ಗೆ ತಾಗಿ ಹೊತ್ತಿಕೊಂಡಿತು. ಒಳಗಿದ್ದ 165 ಜನರೂ ಬಾಗಿಲಿನಿಂದ ಬಿಚ್ಚಿಕೊಳ್ಳುವ, ಗಾಳಿ ತುಂಬಿದ ಜಾರುಬಂಡೆಗಳ ಮೂಲಕ ಇಳಿದು ಪಾರಾದರು, ಕೊನೆಯವರು ಹೊರಬಂದ ಕೆಲವೇ ಕ್ಷಣಗಳಲ್ಲಿ ವಿಮಾನ ಸ್ಫೋಟಿಸಿತು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಕರಾವಳಿ ಕಾವಲು ಪಡೆಯ ಚಿಕ್ಕ ವಿಮಾನಕ್ಕೆ ಡಿಕ್ಕಿ ಹೊಡೆದು ಉರಿಯುತ್ತಾ ನಿಂತ ದೊಡ್ಡ ವಿಮಾನದಲ್ಲಿ 379 ಜನರಿದ್ದರು. ಎಂಟು ಬಾಗಿಲುಗಳಲ್ಲಿ ಮೂರು ಮಾತ್ರ ಬಳಸುವಂತಿದ್ದವು, ಪ್ರಕಟಣೆಯ ವ್ಯವಸ್ಥೆ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನು ಹಿಡಿದು, ಬಾಯಿಯಿಂದ ಕೂಗಿ ಇಳಿಸಿದರು. ಎಲ್ಲರೂ ಬದುಕಿದರು. ಆದರೆ ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ಆ ದಿನದ ದೃಶ್ಯಗಳಲ್ಲಿ ಇಳಿದು ಓಡುತ್ತಿದ್ದವರ ಕೈಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಬಹುಪಾಲು ಖಾಲಿ ಕೈಗಳೇ. ಅದಕ್ಕೆ ಎದುರಾಗಿ 2025ರ ಮಾರ್ಚ್ 13ರಂದು ಅಮೆರಿಕದ ಡೆನ್ವರ್‌ನಲ್ಲಿ ಗೇಟಿಗೆ ಬಂದು ನಿಂತ ವಿಮಾನದ ಎಂಜಿನ್ ಹೊತ್ತಿಕೊಂಡಾಗ ಪ್ರಯಾಣಿಕರು ಹೊಗೆಯ ನಡುವೆ ರೆಕ್ಕೆಯ ಮೇಲೆ ಸಾಲಾಗಿ ನಿಂತಿದ್ದ ಚಿತ್ರಗಳಲ್ಲಿ ಬ್ಯಾಗು ಹಿಡಿದವರೂ ಕಾಣುತ್ತಾರೆ.

ನಿಂತ ವಿಮಾನದ ಹೊಗೆಗೆ ಇತ್ತೀಚಿನ ಹೊಸ ಕಾರಣ ಪವರ್‌ಬ್ಯಾಂಕ್. 2025ರ ಜನವರಿ 28ರ ರಾತ್ರಿ ದಕ್ಷಿಣ ಕೊರಿಯಾದ ಬುಸಾನ್ ನಗರದ ಗಿಮ್ಹೇ ನಿಲ್ದಾಣದಲ್ಲಿ ಹಾಂಗ್‌ಕಾಂಗ್‌ಗೆ ಹೊರಡಲು ಕಾದು ನಿಂತಿದ್ದ ಏರ್ ಬುಸಾನ್ ವಿಮಾನದ ಹಿಂಬದಿಯ ಲಗೇಜ್ ಗೂಡಿನಿಂದ ಹೊಗೆ, ಕಿಡಿ ಬಂದು, 176 ಜನರೂ ಹೊರಬಿದ್ದರು. ವಿಮಾನದ ಚಾವಣಿ ಉದ್ದಕ್ಕೂ ಸುಟ್ಟು ತೆರೆದುಕೊಂಡಿತು. ತನಿಖೆ ಪವರ್‌ಬ್ಯಾಂಕಿನತ್ತ ಬೆರಳು ತೋರಿತು, ಕೊರಿಯಾ ಅದನ್ನು ಮೇಲಿನ ಗೂಡಿನಲ್ಲಿ ಇಡಬಾರದೆಂದು ನಿಯಮ ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನವೊಂದು ಇನ್ನೂ ನೆಲದ ಮೇಲೆ ಸಾಗುತ್ತಿರುವಾಗ ಸೀಟಿನ ಹಿಂಜೇಬಿನಲ್ಲಿದ್ದ ಪವರ್‌ಬ್ಯಾಂಕ್ ಹೊತ್ತಿಕೊಂಡಿತು. ಕಣ್ಣೆದುರೇ ಇದ್ದುದರಿಂದ ಸಿಬ್ಬಂದಿ ಕೂಡಲೇ ಆರಿಸಿದರು. ವ್ಯತ್ಯಾಸ ಇಷ್ಟೇ: ಕಾಣುವಲ್ಲಿದ್ದ ಬೆಂಕಿಗೆ ನೀರು ಸಿಗುತ್ತದೆ, ಮುಚ್ಚಿದ ಗೂಡಿನಲ್ಲಿ ಹತ್ತು ಬ್ಯಾಗುಗಳ ಕೆಳಗಿದ್ದ ಬೆಂಕಿಗೆ ಸಿಗುವುದಿಲ್ಲ. ಲಿಥಿಯಂ ಬ್ಯಾಟರಿಯ ಜ್ವಾಲೆಯನ್ನು ಮೊದಲು ಆರಿಸುವ ಉಪಕರಣದಿಂದ ತಗ್ಗಿಸಿ, ಆಮೇಲೆ ನೀರು ಹಾಕಿ ಹಾಕಿ ತಣಿಸಬೇಕು, ಇಲ್ಲವಾದರೆ ಒಂದು ಕೋಶದ ಕಾವು ಪಕ್ಕದ ಕೋಶಕ್ಕೆ ದಾಟಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂದು ಮಗಳು ಹೇಳುತ್ತಾಳೆ. 100 ವಾಟ್-ಅವರ್‌ವರೆಗಿನ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ ಇದು) ಪವರ್‌ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು; ಮಾರುಕಟ್ಟೆಯಲ್ಲಿ 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ವಾಟ್-ಅವರ್ ಆಗುತ್ತದೆ. ಒಯ್ಯುವವರು ಅದನ್ನು ಜೇಬಿನಲ್ಲೋ ಮಡಿಲ ಚೀಲದಲ್ಲೋ ಇಟ್ಟುಕೊಳ್ಳಲಿ.

ಹಾಗಾದರೆ ಹೊಗೆ ಕಂಡ ಕೂಡಲೇ ಎಲ್ಲ ಬಾಗಿಲು ತೆರೆದು ಜಾರುಬಂಡೆ ಬಿಡುವುದೇ ಸರಿಯೇ? ಅಷ್ಟು ಸರಳವಲ್ಲ, ಮತ್ತು ಇಲ್ಲಿ ಕ್ಯಾಪ್ಟನ್ನರ ಸಂಕಟವನ್ನು ನಾವು ಅರ್ಥಮಾಡಿಕೊಳ್ಳಬೇಕು. ಜಾರುಬಂಡೆಯಲ್ಲಿ ಇಳಿದರೆ ಕಾಲುಗಂಟು ಮುರಿಯುವವರು, ಮೊಣಕೈ ಸುಟ್ಟುಕೊಳ್ಳುವವರು ಇದ್ದೇ ಇರುತ್ತಾರೆ. 2022ರ ಸೆಪ್ಟೆಂಬರ್ 14ರಂದು ಮಸ್ಕತ್‌ನಲ್ಲಿ ಕೊಚ್ಚಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್‌ನಿಂದ ಹೊಗೆ ಬಂದು ಟ್ಯಾಕ್ಸಿವೇಯಲ್ಲಿ ಎಲ್ಲರನ್ನೂ ಹೀಗೆ ಇಳಿಸಿದಾಗ ಕೆಲವರಿಗೆ ಸಣ್ಣಪುಟ್ಟ ಗಾಯಗಳಾದವು, ಜೀವ ಉಳಿಯಿತು. ಮೆಟ್ಟಿಲೋ ಏರೋಬ್ರಿಡ್ಜೋ ತಾಗಿಕೊಂಡೇ ಇರುವಾಗ ಹೊಗೆ ತೆಳುವಾಗಿದ್ದರೆ ಬಂದ ದಾರಿಯಲ್ಲೇ ಬೇಗಬೇಗ ಇಳಿಸುವುದು ವಾಸಿ, ನಮ್ಮ ವಿಮಾನದಲ್ಲಿ ಮಾಡಿದ್ದು ಅದನ್ನೇ. ಪ್ರಯಾಣಿಕರು ಹತ್ತುತ್ತಿರುವಾಗ ಜಾರುಬಂಡೆಗಳು ಸಾಮಾನ್ಯವಾಗಿ ತಾವಾಗಿ ಬಿಚ್ಚಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ, ಬಾಗಿಲುಗಳ ಹೊರಗೆ ಊಟದ ಲಾರಿ, ಇಂಧನದ ಟ್ಯಾಂಕರ್, ಲಗೇಜಿನ ಗಾಡಿ ನಿಂತಿರಬಹುದು. ಎಂಜಿನ್ ತಿರುಗುತ್ತಿದ್ದರೆ ರೆಕ್ಕೆಯ ಮೇಲಿನ ಬಾಗಿಲಿನಿಂದ ಇಳಿಯುವವರು ಅದರ ಗಾಳಿಗೆ ಸಿಕ್ಕುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಷಿಕಾಗೊದಲ್ಲಿ ಒಂದು ಬದಿಯ ಎಂಜಿನ್ ನಿಲ್ಲುವ ಮುಂಚೆಯೇ ಜನ ಇಳಿಯತೊಡಗಿದ್ದರು, ಒಬ್ಬರಿಗೆ ತೀವ್ರ ಗಾಯವಾಯಿತು. ಆದ್ದರಿಂದ ಪ್ರಯಾಣಿಕರು ತಾವೇ ಬಾಗಿಲಿಗೆ ಕೈಹಾಕುವುದು ಸಿಬ್ಬಂದಿಯೇ ಇಲ್ಲದಂಥ, ಬೇರೆ ದಾರಿಯೇ ಉಳಿಯದಂಥ ಗಳಿಗೆಗೆ ಮಾತ್ರ, ಅದೂ ಕಿಟಕಿಯಿಂದ ಹೊರಗೆ ನೋಡಿದ ಮೇಲೆ.

ವಿಮಾನ ತಯಾರಕರು ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳುಹಿಸಿ ತೋರಿಸಬೇಕೆಂಬ ನಿಯಮವಿದೆ. 2006ರಲ್ಲಿ ಎ380 ವಿಮಾನದಿಂದ 873 ಜನ 78 ಸೆಕೆಂಡಿನಲ್ಲಿ ಇಳಿದು ತೋರಿಸಿದರು. ಕೇಳಲು ಚೆನ್ನಾಗಿದೆ. ಆದರೆ ಪರೀಕ್ಷೆಗೆ ಬಂದವರಿಗೆ ಉಳಿಸಿಕೊಳ್ಳಬೇಕಾದ ಪಾಸ್‌ಪೋರ್ಟ್ ಇರುವುದಿಲ್ಲ, ಎತ್ತಿಕೊಳ್ಳಬೇಕಾದ ಕೂಸು ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಸೀಟಿನ ಅಂತರದ ಬಗ್ಗೆ ಅಮೆರಿಕದ ವಿಮಾನಯಾನ ಇಲಾಖೆ 720 ಜನರನ್ನು ಇಟ್ಟುಕೊಂಡು ಇಂಥ ಪರೀಕ್ಷೆ ನಡೆಸಿದಾಗ ಅರವತ್ತು ದಾಟಿದವರನ್ನು ಸೇರಿಸಿಕೊಳ್ಳಲೇ ಇಲ್ಲ. ಅರವತ್ತಾರರ ನಾನು ಇದನ್ನು ಓದಿ ಸ್ವಲ್ಪ ನೊಂದುಕೊಂಡೆ. ನಿಜಕ್ಕೆ ಹತ್ತಿರದ ಪರೀಕ್ಷೆ ಮಾಡಿದ್ದು ಬ್ರಿಟನ್ನಿನ ಕ್ರಾನ್‌ಫೀಲ್ಡ್‌ನ ಸಂಶೋಧಕಿ ಹೆಲೆನ್ ಮ್ಯೂರ್. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಟೇಕಾಫ್ ಕೈಬಿಟ್ಟು ನಿಂತ ವಿಮಾನದಲ್ಲಿ 55 ಮಂದಿ, ಅವರಲ್ಲಿ ಹೆಚ್ಚಿನವರು ಹೊಗೆಯಿಂದಲೇ, ಸತ್ತ ನಂತರ ಮ್ಯೂರ್ ಪ್ರಯೋಗಕ್ಕೆ ಬಂದವರಿಗೆ ಒಂದು ಮಾತು ಹೇಳಿದರು: ಮೊದಲು ಹೊರಬಂದ ಅರ್ಧ ಜನಕ್ಕೆ ಐದು ಪೌಂಡು ಹೆಚ್ಚು. ಅಷ್ಟಕ್ಕೇ ಸಭ್ಯ ಜನ ಸೀಟುಗಳ ಮೇಲೆ ಹತ್ತಿ ಹಾರಿದರು, ಬಾಗಿಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಸಿಕ್ಕಿಕೊಂಡರು.

ಬ್ಯಾಗು ಹಿಡಿಯುವವರನ್ನು ಬೈಯುವುದು ಸುಲಭ, ದಂಡ ಹಾಕಿ ಎನ್ನುವವರೂ ಇದ್ದಾರೆ. ಗಾಬರಿಯಲ್ಲಿರುವವನು ದಂಡದ ಲೆಕ್ಕ ಹಾಕುತ್ತಾನೆಂದು ನನಗೆ ನಂಬಿಕೆಯಿಲ್ಲ. ನಮ್ಮ ಜಿಲ್ಲೆಯಿಂದ ಗಲ್ಫ್‌ಗೆ ಹೋಗುವ ಹುಡುಗನಿಗೆ ಆ ಬ್ಯಾಗಿನಲ್ಲಿರುವ ಪಾಸ್‌ಪೋರ್ಟು, ವೀಸಾದ ಕಾಗದ ಹೋಯಿತೆಂದರೆ ಕೆಲಸವೇ ಹೋದಂತೆ. ಮದುವೆಗೆ ಹೊರಟ ತಾಯಿಗೆ ಅದರಲ್ಲಿ ಒಡವೆ ಇರುತ್ತದೆ. ಇವುಗಳನ್ನು ಮೈಮೇಲೆಯೇ, ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ ಎಂದು ಚೆಕ್-ಇನ್ ಕೌಂಟರಿನಲ್ಲೇ ಹೇಳಿದರೆ ಕೈ ಮೇಲಕ್ಕೆ ಹೋಗುವುದು ಅಷ್ಟರಮಟ್ಟಿಗೆ ಕಡಿಮೆಯಾದೀತು. ಇನ್ನೊಂದು ಕಾರಣವನ್ನು ನಾನು ನಮ್ಮ ವಿಮಾನದಲ್ಲೇ ಕಂಡೆ. "ತಾಂತ್ರಿಕ ಕಾರಣ" ಎಂಬ ಮಾತು. ತಾಂತ್ರಿಕ ಕಾರಣವೆಂದರೆ ನಮ್ಮ ದೇಶದಲ್ಲಿ ವಿಮಾನ ತಡ, ಒಂದು ಸ್ಯಾಂಡ್‌ವಿಚ್, ಬೇರೆ ಗೇಟು ಎಂದರ್ಥ. ಅದನ್ನು ಕೇಳಿದವನು ಸಾಮಾನು ಎತ್ತಿಕೊಳ್ಳದೆ ಇನ್ನೇನು ಮಾಡಿಯಾನು? ಜನ ಹೆದರಿಯಾರೆಂದು ಮಾತನ್ನು ಮೆತ್ತಗೆ ಮಾಡುವ ಬದಲು "ಹೊಗೆ ಬಂದಿದೆ, ಇಳಿಯಿರಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ನನ್ನ ಕೈ ಕೂಡ ಬಹುಶಃ ಕೆಳಗೇ ಇರುತ್ತಿತ್ತು.

ಕೊನೆಯದಾಗಿ, ಹಾವೇರಿಯ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಅವರಿಗೆ ಭಯವಿರಲಿಲ್ಲ, ಸೋಮಾರಿತನವಿರಲಿಲ್ಲ, ಕಾಲಿಗೆ ಶಕ್ತಿಯೂ ಇತ್ತು. ಹೇಳಿದ್ದು ತಿಳಿಯಲಿಲ್ಲ, ಅಷ್ಟೇ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಿಂದ ಇಂದು ಮೊದಲ ಬಾರಿ ವಿಮಾನ ಹತ್ತುವ ಸಾವಿರಾರು ಹಿರಿಯರಿದ್ದಾರೆ, ಮಕ್ಕಳನ್ನು ನೋಡಲು ಹೊರಟ ರೈತರಿದ್ದಾರೆ. ನಾನು ಪ್ರಯಾಣಿಸಿದ ವಿಮಾನಗಳಲ್ಲಿ "ನಮಸ್ಕಾರ, ಸ್ವಾಗತ" ಎಂಬ ಎರಡು ಮಾತು ಕೆಲವೊಮ್ಮೆ ಕನ್ನಡದಲ್ಲಿ ಕೇಳಿದ್ದಿದೆ, ಜೀವ ಉಳಿಸುವ ಸೂಚನೆಯನ್ನು ಒಮ್ಮೆಯೂ ಕೇಳಿಲ್ಲ. ಸ್ವಾಗತ ತಿಳಿಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಮಣಿಪುರದಿಂದ, ಕೋಲ್ಕತ್ತದಿಂದ ಬಂದ ಗಗನಸಖಿಯರು ಎಲ್ಲ ರಾಜ್ಯಗಳ ಭಾಷೆ ಕಲಿಯಲಾರರು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆಂದೇ ಮೊದಲೇ ಮುದ್ರಿಸಿದ ಧ್ವನಿಯನ್ನು, ಕರ್ನಾಟಕದಿಂದ ಹೊರಡುವ ಮತ್ತು ಕರ್ನಾಟಕಕ್ಕೆ ಬರುವ ವಿಮಾನಗಳಲ್ಲಿ ಜನ ಹತ್ತಿ ಕುಳಿತು ಸುಮ್ಮನೆ ಕಾಯುವ ಹದಿನೈದು ನಿಮಿಷದಲ್ಲಿ ಒಮ್ಮೆ ಕೇಳಿಸಬಹುದು. ಹನೇಡಾದಲ್ಲಿ ಆದಂತೆ ಧ್ವನಿವರ್ಧಕವೇ ಕೆಟ್ಟರೆ ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಮುಂಚೆಯೇ ಕೇಳಿ ತಲೆಯಲ್ಲಿ ಕೂತ ಮಾತಿಗೆ ಆಮೇಲೆ ಒಂದು ಕೈಸನ್ನೆ ಸಾಕಾಗುತ್ತದೆ. ಕೂಗುವುದಕ್ಕೆ ಬೇಕಾದ ಎರಡು ಮಾತುಗಳನ್ನಂತೂ, "ಬ್ಯಾಗ್ ಬಿಡಿ", "ಈ ಕಡೆ", ಯಾವ ಊರಿನ ಹುಡುಗಿಯಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲಳು. ಮಗಳು ಇದನ್ನು ತನ್ನ ಈಶಾನ್ಯದ ಗೆಳತಿಯ ಮೇಲೆ ಪ್ರಯೋಗಿಸಿದ್ದಾಳೆ. ಆ ಹುಡುಗಿಯ "ಬಿಡಿ" ನಮ್ಮಲ್ಲಿ ಅನೇಕರ "ಬಿಡಿ"ಗಿಂತ ಖಡಕ್ಕಾಗಿದೆಯಂತೆ.

ವಿಮಾನಯಾನ ಮಹಾನಿರ್ದೇಶನಾಲಯವೂ ವಿಮಾನ ಸಂಸ್ಥೆಗಳೂ ಇದನ್ನು ಗಮನಿಸಬೇಕೆಂದು, ರಾಜ್ಯದ ಸಂಸದರು ಈ ಒಂದು ಸಣ್ಣ ವಿಷಯವನ್ನು ಕೇಂದ್ರದ ಮುಂದಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಯಾರಿಗಾದರೂ ಅನುಕೂಲವಾಗಲೆಂದು ಧ್ವನಿಮುದ್ರಿಸಿಕೊಳ್ಳಬೇಕಾದ ಮಾತನ್ನು ನಾನೇ ಬರೆದಿದ್ದೇನೆ: "ಹೊಗೆ ಬಂದರೆ ಬೆಲ್ಟ್ ಬಿಚ್ಚಿ. ಬ್ಯಾಗು ಮುಟ್ಟಬೇಡಿ. ಬಾಯಿ ಮೂಗು ಮುಚ್ಚಿಕೊಂಡು, ಬಗ್ಗಿ, ಸಿಬ್ಬಂದಿ ತೋರಿಸಿದ ಬಾಗಿಲಿನಿಂದ ಹೊರಗೆ ಹೋಗಿ. ಹೋದ ಮೇಲೆ ವಿಮಾನದಿಂದ ದೂರ ನಡೆಯಿರಿ." ಇದನ್ನು ನನ್ನ ಹೆಂಡತಿ ನಿಧಾನವಾಗಿ, ಸ್ಪಷ್ಟವಾಗಿ ಓದಿದಳು, ನಾನು ಗಡಿಯಾರ ಹಿಡಿದು ಕುಳಿತೆ. ಹನ್ನೆರಡು ಸೆಕೆಂಡು ಆಯಿತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ದಕ್ಷಿಣ ಕನ್ನಡ